ಕದಳಿಯ ಹಾದಿಯಲ್ಲಿ ಕಾಣದ ಬೆಳಕು

ಶ್ರೀಶೈಲವೆಂದೊಡನೆ ಶರಣರ ಮನವು ಮಲ್ಲಿಕಾರ್ಜುನನತ್ತ ಹರಿಯುವುದು. ಅದರೊಡನೆ ಅಕ್ಕಮಹಾದೇವಿಯ ನೆನಪೂ ಉಕ್ಕಿ ಬರುವುದು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಆ ಮಹಾತಾಯಿ ಐಕ್ಯಳಾದುದು ಇಲ್ಲಿಯ ಕದಳಿಯಲ್ಲಿ ಎಂಬುದು ಭಕ್ತರ ನಂಬಿಗೆ. ಕಳೆದ ಕಾರ್ತಿಕದಲ್ಲಿ ನಾವು ಕುಟುಂಬ ಸಮೇತರಾಗಿ ಆ ಪುಣ್ಯಭೂಮಿಯನ್ನು ದರ್ಶಿಸಿ ಬಂದೆವು.

ದೇವದರ್ಶನ ಮುಗಿಸಿ ಪಾತಾಳಗಂಗೆಗಿಳಿದು, ಅಕ್ಕನ ಗವಿಗೆ ಹೋಗುವ ದೋಣಿಯನ್ನೇರಿದೆವು. ಕೃಷ್ಣೆಯ ಇಕ್ಕೆಲಗಳಲ್ಲಿ ನಲ್ಲಮಲ ಬೆಟ್ಟಗಳ ದಟ್ಟ ಕಾಡು. ಜೊತೆಗಿದ್ದ ವಿಜ್ಞಾನದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಪೋಲರಾಯ್ಡ್ ತಂಪು ಕನ್ನಡಕವನ್ನು ನಮ್ಮ ಕೈಗಿತ್ತು, "ಕಣ್ಣಿನ ಮುಂದೆ ಹಿಡಿದು ಮೆಲ್ಲನೆ ತಿರುಗಿಸಿ ನೋಡಿರಿ" ಎಂದರು. ನೀರಿನ ಮೇಲಣ ಹೊಳಪು ಒಮ್ಮೆ ಅಡಗಿತು, ಮತ್ತೊಮ್ಮೆ ಮೂಡಿತು. ನೀಲಿ ಬಾನಿನ ಒಂದು ಭಾಗವೂ ಹಾಗೆಯೇ ಕಪ್ಪೇರಿ ತಿಳಿಯಾಯಿತು.

ಸೂರ್ಯನಿಂದ ಹೊರಟ ಬೆಳಕಿನ ಅಲೆಗಳು ತಮ್ಮ ಹಾದಿಗೆ ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತವೆ. ಗಾಳಿಯ ಅಣುಗಳಿಗೆ ತಾಗಿ ಚದರಿದಾಗ, ಇಲ್ಲವೆ ನೀರಿನಿಂದಲೋ ನುಣುಪಾದ ಎಲೆಗಳಿಂದಲೋ ಪ್ರತಿಫಲಿಸಿದಾಗ, ಆ ಕಂಪನವು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಒಳಪಡುತ್ತದೆ. ಇದೇ ಧ್ರುವೀಕೃತ ಬೆಳಕು. ಬಾನಿನಲ್ಲಿ ಇದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಪ್ರಬಲವಾಗಿರುತ್ತದೆ. ಸೂರ್ಯೋದಯದ ವೇಳೆ ಆ ಪಟ್ಟಿಯು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ನೆತ್ತಿಯ ಮೇಲೆ ಹಾಯುತ್ತದೆ. ನಾವಾದರೋ ಅದನ್ನು ಸುಲಭವಾಗಿ ಗುರುತಿಸಲಾರೆವು.

ದೋಣಿಯಿಳಿದು ಗವಿಯತ್ತ ಏರುವಾಗ ಕವಲುದಾರಿಯಲ್ಲಿ ನಾವು ದಿಕ್ಕುತಪ್ಪಿದೆವು. ಮರಗಳ ಮರೆಯಲ್ಲಿ ಸೂರ್ಯನೇ ಕಾಣಲೊಲ್ಲ. ದೋಣಿಯವನು ಕೂಗಿ ಕರೆದ ಮೇಲೆಯೇ ಸರಿದಾರಿ ಸಿಕ್ಕಿತು. ಅಲ್ಲಿಯೇ ಬಂಡೆಯ ಚಾಚಿನಲ್ಲಿ ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದವು. ಜೇನ್ನೊಣಗಳು ಯಾವ ಗೊಂದಲವೂ ಇಲ್ಲದೆ ಹೋಗಿ ಬರುತ್ತಿದ್ದವು.

ಇದರ ಗುಟ್ಟನ್ನು 1949ರಲ್ಲಿ ಲೋಕಕ್ಕೆ ತಿಳಿಸಿದವರು ಕಾರ್ಲ್ ಫಾನ್ ಫ್ರಿಶ್. ಸೂರ್ಯ ಮರೆಯಾಗಿದ್ದರೂ ನೀಲಿ ಬಾನಿನ ಸಣ್ಣದೊಂದು ತುಣುಕು ಕಂಡರೆ ಸಾಕು, ಜೇನ್ನೊಣವು ಕುಣಿದು ತನ್ನವರಿಗೆ ಹೂವಿರುವ ದಿಕ್ಕನ್ನು ಸರಿಯಾಗಿ ತಿಳಿಸುತ್ತಿತ್ತು. ಮೇಲೆ ಪೋಲರಾಯ್ಡ್ ಹಾಳೆಯನ್ನಿಟ್ಟು ತಿರುಗಿಸಿದರೆ ಕುಣಿತದ ದಿಕ್ಕೂ ತಿರುಗುತ್ತಿತ್ತು! ಅದರ ಕಣ್ಣಿನ ಮೇಲಂಚಿನಲ್ಲಿ ಈ ಬೆಳಕನ್ನು ಓದುವ ವಿಶೇಷ ಕೋಶಗಳಿವೆ. ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ದಟ್ಟ ಕಾಡಿನಲ್ಲಿಯೂ ಕೊಂಬೆಗಳ ಸಂದಿನ ನೀಲಿಯೇ ಇಂಥ ಜೀವಿಗಳಿಗೆ ದಿಕ್ಸೂಚಿಯಾಗಬಲ್ಲುದು.

ಅಕ್ಕನ ಗವಿಯ ಇಕ್ಕಟ್ಟಾದ ಕತ್ತಲ ದಾರಿಯಲ್ಲಿ ಸಾಗಿ, ಲಿಂಗದರ್ಶನ ಪಡೆದು ಧನ್ಯರಾದೆವು. ಮರಳಿ ನೀರಿನಂಚಿಗೆ ಬಂದು, ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಬುತ್ತಿ ಬಿಚ್ಚಿದೆವು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟವೊಂದು ಆ ಹಾಳೆಗೇ ಮತ್ತೆ ಮತ್ತೆ ಬಾಲ ತಾಗಿಸತೊಡಗಿತು. "ಅಪ್ಪಾಜಿ, ಪಕ್ಕದಲ್ಲೇ ನೀರಿದೆಯಲ್ಲ, ಇದೇಕೆ ಇಲ್ಲಿಗೆ ಬರುತ್ತದೆ?" ಎಂದಳು ಮಗಳು.

ಉತ್ತರವನ್ನು ಅಧ್ಯಾಪಕರೇ ಕೊಟ್ಟರು. ನೀರಿನಲ್ಲಿ ಮೊಟ್ಟೆಯಿಡುವ ಅನೇಕ ಕೀಟಗಳು ನೀರನ್ನು ಗುರುತಿಸುವುದು ಅದರಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕಿನಿಂದ. ಹೊಳೆಯುವ ಕಪ್ಪು ಪ್ಲಾಸ್ಟಿಕ್ಕೂ ಡಾಂಬರು ರಸ್ತೆಯೂ ಅದೇ ಬೆಳಕನ್ನು ಬೀರಿ ಅವುಗಳನ್ನು ವಂಚಿಸುತ್ತವೆ. ಹಂಗೇರಿಯ ವಿಜ್ಞಾನಿಗಳು 1998ರಲ್ಲಿ ಮೇಫ್ಲೈ ಎಂಬ ಕೀಟಗಳ ವಿಷಯದಲ್ಲಿ ಇದನ್ನು ವರದಿ ಮಾಡಿದ್ದಾರೆ. ಅಲ್ಲಿಟ್ಟ ಮೊಟ್ಟೆಗಳು ಒಣಗಿ ನಾಶವಾಗುತ್ತವೆ.

ನಮಗೆ ನಾಚಿಕೆಯಾಯಿತು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿ, ಬರಿಯ ಬಂಡೆಯ ಮೇಲೆ ಕುಳಿತು ರೊಟ್ಟಿ ಪ್ರಸಾದ ಸ್ವೀಕರಿಸಿದೆವು. ದಯೆಯನ್ನು ಬೋಧಿಸಿದ ಶರಣರ ಮಕ್ಕಳು ನಾವು; ಕಾಣುವ ಜೀವಿಯನ್ನು ಹಿಂಸಿಸದಿದ್ದರೆ ಸಾಕೆಂದು ತಿಳಿದಿದ್ದೆವು. ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿಯೂ ನಮ್ಮಿಂದ ಹಿಂಸೆಯಾಗಬಲ್ಲುದೆಂದು ಅಂದು ತಿಳಿಯಿತು. ಕದಳಿಗೆ ಹೋಗುವ ಬಂಧುಗಳು ಒಯ್ದ ಪ್ಲಾಸ್ಟಿಕ್ಕನ್ನು ಅಲ್ಲಿ ಹಾಸದೆ, ಬಿಸುಡದೆ, ಮರಳಿ ತರಬೇಕೆಂದು ನಮ್ಮ ವಿನಂತಿ.