ಅಂಜನಾಪುರದ ಬಳಿ ಒಂದು ಭೂಮಣ್ಣಿ ಬುಟ್ಟಿ

ಶಿವಮೊಗ್ಗೆಗೆ ವಾಯವ್ಯದಲ್ಲಿ ಸುಮಾರು 50 ಕಿಲೋಮೀಟರು ದೂರಕ್ಕೆ ಶಿಕಾರಿಪುರವೂ, ಅದೇ ತಾಲ್ಲೂಕಿನಲ್ಲಿ ಅಂಜನಾಪುರವೂ ಇರುವುವು. ಶಿಕಾರಿಪುರಕ್ಕೆ ಬಂದವರು ಹುಚ್ಚರಾಯಸ್ವಾಮಿಯ ದರ್ಶನವನ್ನು ಮಾಡಿಕೊಂಡು, ಬಳ್ಳಿಗಾವೆಯ ಕೇದಾರೇಶ್ವರ, ತಾಳಗುಂದದ ಶಾಸನಸ್ತಂಭ, ಅಕ್ಕಮಹಾದೇವಿಯ ಉಡುತಡಿ ಇವುಗಳನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಅಂಜನಾಪುರಕ್ಕೆ ಬರುವವರಾದರೋ ಮಳೆಗಾಲದಲ್ಲಿ ಕೋಡಿ ಬಿದ್ದ ನೀರನ್ನು ಕಂಡು ಸಂತೋಷಪಟ್ಟು ಹೋಗುವರು. ನಾವು ಹೋದದ್ದು ಇವುಗಳಲ್ಲಿ ಯಾವುದಕ್ಕೂ ಅಲ್ಲ. ಒಂದು ಬಿದಿರುಬುಟ್ಟಿಗೆ ಬಣ್ಣ ಬರೆಯುವುದನ್ನು ನೋಡುವುದಕ್ಕೆ. ಹೀಗೆಂದು ಹೇಳಿದಾಗ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿದ್ದ ಗೃಹಸ್ಥರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಸುಮ್ಮನಾದರು.

ಹುಂಚದ ಸಮೀಪದಲ್ಲಿ ಹುಟ್ಟಿ, ಮುಂದೆ ತುಂಗಭದ್ರೆಯನ್ನು ಸೇರುವ ಕುಮುದ್ವತೀ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಇಲ್ಲಿ ಅಣೆಯನ್ನು ಕಟ್ಟಿದರು. ಅದರ ನಾಲೆಯ ನೀರು ಹರಿದಲ್ಲೆಲ್ಲ ಗದ್ದೆ, ಗದ್ದೆಯ ಅಂಚಿಗೆ ಅಡಿಕೆಯ ತೋಟ, ಮೇಲ್ಗಡೆಯ ಹೊಲಗಳಲ್ಲಿ ಮೆಕ್ಕೆಜೋಳ. ಇತ್ತ ಪೂರ್ತಿ ಮಲೆನಾಡೂ ಅಲ್ಲ, ಅತ್ತ ಬಯಲುಸೀಮೆಯೂ ಅಲ್ಲ. ಎರಡೂ ಒಂದನ್ನೊಂದು ಕೈಹಿಡಿದುಕೊಂಡಂತಿರುವ ಭೂಮಿ. ಈ ಶಿಕಾರಿಪುರ, ಸೊರಬ, ಸಾಗರ ಸೀಮೆಯಲ್ಲಿ ದೀವರೆಂಬ ಬೇಸಾಯಗಾರರು ಬಹುವಾಗಿ ವಾಸವಾಗಿರುವರು. ಅವರ ಹೆಂಗಸರ ಕೈಯಲ್ಲಿ ಚಿತ್ತಾರವೆಂಬ ಒಂದು ವಿದ್ಯೆಯುಂಟು. ಮದುವೆಯ ಮನೆಯಲ್ಲಿ ವಧೂವರರನ್ನು ಕುಳ್ಳಿರಿಸುವ ಗೋಡೆಯ ಮೇಲೆ ಬರೆದರೆ ಅದು ಹಸೆಗೋಡೆಯ ಚಿತ್ತಾರ. ಆಶ್ವಯುಜದ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆದರೆ ಅದು ಭೂಮಣ್ಣಿ ಬುಟ್ಟಿ. ಭೂಮಿಹುಣ್ಣಿಮೆ ಎಂಬುದೇ ಜನರ ಬಾಯಲ್ಲಿ ಭೂಮಣ್ಣಿಯಾಗಿರುವುದು. ಆ ಹೊತ್ತಿಗೆ ಭತ್ತವು ಹೊಡೆಯಾಗಿ ತುಂಬಿಕೊಂಡಿರುತ್ತದೆ. ಎಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟವನ್ನು ಬಡಿಸುವುದು ಹೇಗೆ ಮನೆತನದ ಧರ್ಮವೋ ಹಾಗೆಯೇ ಗದ್ದೆಗೂ ಬಡಿಸಬೇಕು. ಆ ಊಟವನ್ನು ಹೊತ್ತೊಯ್ಯುವ ಬುಟ್ಟಿಯೇ ಇದು. ಬುಟ್ಟಿಗಳು ಎರಡು, ಒಂದು ದೊಡ್ಡದು, ಒಂದು ಚಿಕ್ಕದು.

ವಿಜಯದಶಮಿಗೂ ಹುಣ್ಣಿಮೆಗೂ ನಡುವೆ ಇರುವ ದಿನಗಳಷ್ಟೇ ಈ ಕೆಲಸಕ್ಕೆ ಅವಧಿ. ನಮ್ಮ ಮಿತ್ರರೊಬ್ಬರ ದಾಕ್ಷಿಣ್ಯದಿಂದ, ಜಲಾಶಯಕ್ಕೆ ಕೂಗಳತೆಯಲ್ಲಿರುವ ಒಂದು ಮನೆಯಲ್ಲಿ ನಮಗೂ ನಮ್ಮ ಮನೆಯವರಿಗೂ ಆ ದಿನಗಳನ್ನು ಕಳೆಯುವ ಅವಕಾಶ ದೊರೆಯಿತು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು.

ದಶಮಿಯ ದಿನ ಬನ್ನಿಯನ್ನು ಕೊಟ್ಟು ತೆಗೆದುಕೊಂಡುದಾದ ಮೇಲೆ ಅಟ್ಟದಿಂದ ಬುಟ್ಟಿಗಳನ್ನು ಇಳಿಸಿದರು. ಹೋದ ವರ್ಷದ ಚಿತ್ತಾರವು ಅರ್ಧ ಉದುರಿ, ಅರ್ಧ ಹೊಗೆಯಿಂದ ಕಂದಿದ್ದಿತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಆಮೇಲೆ ಒದ್ದೆ ಬಟ್ಟೆಯಿಂದ ಉಜ್ಜಿ ಅಳಿಸಿಬಿಟ್ಟರು. ನಮ್ಮ ಮನೆಯವರು ಅಯ್ಯೋ ಎಂದುದಕ್ಕೆ, “ಹಳೇದನ್ನ ಇಟ್ಕಂಡ್ರೆ ಹೊಸದು ಎಲ್ಲಿ ಬರೀಲಿ ತಂಗಿ?” ಎಂದರು. ಬುಟ್ಟಿಗೆ ಒಳಗೂ ಹೊರಗೂ ಸಗಣಿಯನ್ನು ಬಳಿದು ಬಿಸಿಲಿಗಿಟ್ಟುದರಲ್ಲಿ ಆ ದಿನವು ಮುಗಿಯಿತು.

ಏಕಾದಶಿಯ ದಿನ ಕೆಮ್ಮಣ್ಣು. ಮಣ್ಣನ್ನು ನೆನೆಸಿ, ಸೋಸಿ, ಕೈಯಿಂದಲೇ ಬಳಿಯುತ್ತಾರೆ. ಒಂದು ಸಾರಿ ಬಳಿದರೆ ಸಾಲದು. ಒಣಗಿದ ಮೇಲೆ ಇನ್ನೊಮ್ಮೆ. ಈ ನಡುವೆ ಬಣ್ಣಗಳ ಸಿದ್ಧತೆ. ನೆನೆದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕರಿಯಾಗುವವರೆಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆಯ ಬೀಜ, ಕಾಡಿನ ಮರದ್ದು. ಈ ಗುರಿಗೆಗಾಗಿ ಮಗನು ಎರಡು ಸಾರಿ ಕಾಡಿಗೆ ಹೋಗಿ ಒಂದು ಹಿಡಿಯಷ್ಟು ತಂದಿದ್ದನು. ಕುಂಚವೆಂದರೆ ಪುಂಡಿಯ ನಾರು: ಸಣ್ಣ ಕಟ್ಟಾಗಿ ಕಟ್ಟಿ ತುದಿಯನ್ನು ಜಜ್ಜಿದರೆ ಎಂಥ ಸೂಕ್ಷ್ಮವಾದ ಎಳೆಯೂ ಅದರಿಂದ ಬರುವುದು. ಇಡೀ ಸಾಮಗ್ರಿಗೆ ಅಂಗಡಿಯಿಂದ ಒಂದು ಪದಾರ್ಥವೂ ಬರಲಿಲ್ಲವೆಂಬುದನ್ನು ನಾವು ಗಮನಿಸಿದೆವು. ಸೊಸೆಯ ಬಳಿ ಮಾತ್ರ ಸಾಗರದ ಸಂತೆಯಲ್ಲಿ ಕೊಂಡ ಬಣ್ಣದ ಸೀಸೆಗಳಿದ್ದುವು. ಅವಳು ಕಾಗದದ ಮೇಲೂ ಬಟ್ಟೆಯ ಮೇಲೂ ಚಿತ್ತಾರ ಬರೆದು ಮಾರಬಲ್ಲವಳು. ಆ ಸೀಸೆಗಳು ಆ ಆರು ದಿನ ಕಪಾಟಿನಲ್ಲಿಯೇ ಉಳಿದುವು.

ದ್ವಾದಶಿ. ಇನ್ನು ಬರೆವಣಿಗೆ. ಅಜ್ಜಿಗೆ ಎಡಗಣ್ಣಿನಲ್ಲಿ ಪೊರೆ ಬಂದಿದೆ. ಬಲಗಣ್ಣನ್ನು ಹೋದ ವರ್ಷ ಶಸ್ತ್ರಚಿಕಿತ್ಸೆ ಮಾಡಿಸಿದ್ದಾರೆ. ಅವರು ಜಗಲಿಯ ತುದಿಯಲ್ಲಿ, ಬೆಳಕು ಬಲಗಡೆಯಿಂದ ಬೀಳುವಂತೆ ಕುಳಿತುಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲು ಬಾಯ ಸುತ್ತ ಎಳೆಗಳು. ಒಂದೆಳೆ, ಅದರ ಕೆಳಗೆ ಎರಡೆಳೆ, ನಡುವೆ ಅಡ್ಡಗೆರೆಗಳು, ಆಮೇಲೆ ಜೋಗಿಜಡೆ. ಕೈ ಹಿಡಿದಾಗ ನಡುಗುತ್ತಿದ್ದಿತು. ನಾರು ಬುಟ್ಟಿಯನ್ನು ಮುಟ್ಟಿದೊಡನೆ ನಿಲ್ಲುತ್ತಿದ್ದಿತು. ಇದು ಹೇಗೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಸಂಜೆಯ ವೇಳೆಗೆ ಬುಟ್ಟಿಯ ಮೇಲರ್ಧವು ತುಂಬಿ, ಕೆಳಗೆ ಭತ್ತದ ಸಸಿಗಳ ಒಂದು ಸಾಲು ನಿಂತಿದ್ದಿತು.

ಆ ರಾತ್ರಿ ಮಳೆ ಬಂದಿತು. ಹಂಚು ಸರಿದ ಜಾಗದಿಂದ ನೀರು ಒಸರಿ ಬುಟ್ಟಿಯ ಒಂದು ಮಗ್ಗುಲಿಗೆ ಬಿದ್ದು, ಕೆಮ್ಮಣ್ಣೂ ಬಿಳಿಯೂ ಬೆರೆತು ಇಳಿದಿದ್ದುವು. ತ್ರಯೋದಶಿಯ ಬೆಳಿಗ್ಗೆ ಅದನ್ನು ಕಂಡು ಸೊಸೆಯ ಕಣ್ಣಲ್ಲಿ ನೀರೇ ಬಂದಿತು. ಅಜ್ಜಿ ಮಾತ್ರ ಆ ಮಗ್ಗುಲನ್ನು ಬೆರಳಿನಿಂದ ಕೆರೆದು, ಮತ್ತೆ ಮಣ್ಣು ಬಳಿದು, “ಒಣಗಲಿ. ನೀವು ಇವತ್ತು ಎಲ್ಲಾದ್ರೂ ಹೋಗಿ ಬನ್ನಿ ತಮ್ಮಾ. ನೋಡ್ತಾ ಕೂತ್ರೆ ಒಣಗಲ್ಲ” ಎಂದು ನಮ್ಮನ್ನು ಹೊರಡಿಸಿದರು.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಸುಮಾರು 15 ಕಿಲೋಮೀಟರಿನ ಗುಡವಿಯನ್ನು ಸೇರಿದೆವು. ಇಲ್ಲಿಯ ಕೆರೆಯು 1989ರಲ್ಲಿ ಪಕ್ಷಿಧಾಮವಾಯಿತು. ಇದರ ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಆದರೆ ನೀರಿನೊಳಗೆ ನಿಂತ ಮರಗಳ ಮೇಲೆ ಕಣ್ಣು ಹಾಯಿಸಿದಲ್ಲೆಲ್ಲ ಹಕ್ಕಿ. ಕರಿಯ ತಲೆಯ ಬಿಳಿ ಕೆಂಬರಲುಗಳು, ನೀರುಕಾಗೆಗಳು, ಕತ್ತನ್ನು ಹಾವಿನಂತೆ ಚಾಚುವ ಹಾವಕ್ಕಿಗಳು, ಬೆಳ್ಳಕ್ಕಿಗಳು. ಮುಂಗಾರಿನಲ್ಲಿ ಬಂದು ಗೂಡುಕಟ್ಟಿ, ಮರಿಗಳು ಬಲಿತ ಮೇಲೆ ಹೊರಡುವುದು ಇವುಗಳ ಕ್ರಮ. ನಮ್ಮ ಮನೆಯವರು ಸೀಸದಕಡ್ಡಿಯಿಂದ ಕೆಂಬರಲನ್ನು ಬರೆಯುವ ಸಾಹಸವನ್ನು ಮಾಡಿದರು. ಕೊಕ್ಕು ಸರಿಹೋಯಿತು; ಉಳಿದದ್ದು ಬಾತುಕೋಳಿಯಾಯಿತು.

ಸಂಜೆ ಹಿಂದಿರುಗಿ ಬಂದಾಗ ಅಜ್ಜಿ ಒಣಗಿದ ಮಗ್ಗುಲಿನ ಮೇಲೆ ಹಕ್ಕಿಗಳನ್ನು ಬರೆಯುತ್ತಿದ್ದರು. ಅವರ ಹಕ್ಕಿಯೆಂದರೆ ತುದಿಗೆ ತುದಿ ತಾಗಿದ ಎರಡು ಮುಕ್ಕೋಣ, ಎರಡು ಕಡ್ಡಿಕಾಲು, ಒಂದು ಚುಕ್ಕೆ. ಅಷ್ಟೇ! ಆದರೂ ಒಂದು ಹಕ್ಕಿ ತೆನೆಯನ್ನು ಕುಕ್ಕುತ್ತಿರುವುದೂ, ಇನ್ನೊಂದು ಯಾರೋ ಅಟ್ಟಿಸಿದುದರಿಂದ ಹಾರಲು ಅಣಿಯಾಗಿರುವುದೂ ನಮಗೆ ಸ್ಪಷ್ಟವಾಗಿ ಕಂಡುವು. ಗುಡವಿಯ ವೃತ್ತಾಂತವನ್ನೆಲ್ಲ ಹೇಳಿ, ಪಾಂಡಿತ್ಯವನ್ನು ತೋರಿಸುವ ಚಪಲದಿಂದ, ಇದು ಯಾವ ಜಾತಿಯ ಹಕ್ಕಿಯೆಂದು ಕೇಳಿದೆವು. “ಗದ್ದೆಗೆ ಬರೋ ಹಕ್ಕಿ” ಎಂದರು.

ಇಲ್ಲಿ ಒಂದು ಮಾತನ್ನು ಹೇಳಬೇಕು. ಅಕ್ಕಿಯ ಹಿಟ್ಟಿನಿಂದ ಮಣ್ಣುಗೋಡೆಯ ಮೇಲೆ ಹೀಗೆಯೇ ಮುಕ್ಕೋಣಗಳಲ್ಲಿ ಬರೆಯುವ ವಾರ್ಲಿ ಜನರು ಮಹಾರಾಷ್ಟ್ರದಲ್ಲಿರುವರು. ಬಿಹಾರದ ಮಧುಬನಿಯಲ್ಲಿ 1960ರ ದಶಕದ ಬರಗಾಲದಲ್ಲಿ, ಹೆಂಗಸರಿಗೆ ಒಂದು ಜೀವನೋಪಾಯವಾಗಲೆಂದು, ಗೋಡೆಯ ಚಿತ್ರವನ್ನು ಕಾಗದಕ್ಕೆ ಇಳಿಸಿದರು. ಅವೆರಡರ ಹೆಸರನ್ನೂ ಈಗ ಲೋಕವೇ ಬಲ್ಲುದು. ವಾರ್ಲಿಯ ಜೀವ್ಯಾ ಸೋಮಾ ಮಾಶೆಯವರಿಗೆ 2011ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ಚಿತ್ತಾರವೂ ಸಾಗರದ ಕಡೆಯ ಕಲಾವಿದರ, ಅದರಲ್ಲಿಯೂ ಸಿರಿವಂತೆಯ ಚಂದ್ರಶೇಖರರಂಥವರ ಪ್ರಯತ್ನದಿಂದ ಕಾಗದಕ್ಕೂ ಬಟ್ಟೆಗೂ ಬಂದಿದೆ. ಇದು ಸಂತೋಷದ ವಿಷಯವೇ. ಏತಕ್ಕೆಂದರೆ ಸಿಮೆಂಟಿನ ಗೋಡೆಗೆ ಕೆಮ್ಮಣ್ಣು ಹಿಡಿಯುವುದಿಲ್ಲ, ಮಣ್ಣಿನ ಗೋಡೆಗಳನ್ನು ಈಗ ಯಾರೂ ಕಟ್ಟುವುದಿಲ್ಲ. ಆದರೆ ಕಾಗದದ ಚಿತ್ರವನ್ನು ಕಟ್ಟುಹಾಕಿಸಿ ನೇತುಹಾಕುವರು. ಬುಟ್ಟಿಯು ಗದ್ದೆಗೆ ಹೋಗಬೇಕು, ನೆನೆಯಬೇಕು, ಮರುವರ್ಷ ಅಳಿಯಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮಿಂದಾಗಲಿಲ್ಲ.

ಚತುರ್ದಶಿಯ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬುಟ್ಟಿಯಲ್ಲಿ ಅಂಗೈಯಗಲದ ಒಂದು ಮನೆ ಮಾತ್ರ ಬರಿದಾಗಿ ಉಳಿದಿದ್ದಿತು. ಆ ವೇಳೆಗೆ ನಮಗೆ ಮನೆಯ ಒಂದು ವಿಷಯವು ತಿಳಿದಿದ್ದಿತು. ನಾಲೆಯ ಮಗ್ಗುಲಿನ ಅವರ ಗದ್ದೆಗೆ ಬರುವ ವರ್ಷ ಅಡಿಕೆಯ ಸಸಿಯನ್ನು ಇಡುವುದೆಂದು ಮಗನು ನಿಶ್ಚಯಿಸಿದ್ದಾನೆ. ನಾಟಿಗೆ ಆಳು ಸಿಕ್ಕುವುದಿಲ್ಲ. ಸಿಕ್ಕಿದರೂ ಭತ್ತದ ಬೆಲೆಯಲ್ಲಿ ಕೂಲಿ ಹೊರಡುವುದಿಲ್ಲ. ಸುತ್ತಲೂ ಎಲ್ಲರೂ ತೋಟ ಮಾಡಿದ ಮೇಲೆ ನಡುವಿನ ಒಂದು ಗದ್ದೆಗೆ ಎಲ್ಲ ಹಕ್ಕಿಗಳೂ ಬಂದು ಬೀಳುತ್ತವೆ. ಅವನ ಲೆಕ್ಕವನ್ನು ಕೇಳಿದರೆ ತಪ್ಪು ಕಾಣಲಿಲ್ಲ. ಅಜ್ಜಿ ಅದನ್ನು ಬೇಡವೆಂದೂ ಹೇಳಿಲ್ಲ, ಆಗಲೆಂದೂ ಹೇಳಿಲ್ಲವಂತೆ.

ಅಜ್ಜಿ ನಾರನ್ನು ಸೊಸೆಯ ಕೈಗೆ ಕೊಟ್ಟು, “ಇದನ್ನ ನೀ ಬರಿ” ಎಂದರು.

“ಏನು ಬರೀಲಿ ಅತ್ತೆ?”

“ನಿನ್ನ ತೋಟ.”

ಸೊಸೆಯು ಬಹಳ ಹೊತ್ತು ನಾರನ್ನು ಹಿಡಿದುಕೊಂಡೇ ಕುಳಿತಿದ್ದಳು. ಕಾಗದದ ಮೇಲೆ ಒಂದೇ ಗಳಿಗೆಯಲ್ಲಿ ಬರೆಯುವ ಅವಳ ಕೈ ಅಂದು ಏಳಲಿಲ್ಲ. ಕಡೆಗೆ ಆರು ಅಡಿಕೆಯ ಮರಗಳು ನಿಂತುವು: ನೆಟ್ಟಗಿನ ಗೆರೆ, ಮೇಲೆ ಗರಿ, ನಡುವೆ ಹಳದಿಯ ಗೊನೆ. ಎಳೆಗಳು ಅಜ್ಜಿಯವುಗಳಿಗಿಂತ ಸಮನಾಗಿದ್ದುವೆಂದು ನಿಜವನ್ನೇ ಹೇಳಬೇಕು. ಅಜ್ಜಿ ಬುಟ್ಟಿಯನ್ನು ಬಲಗಣ್ಣಿನ ಹತ್ತಿರಕ್ಕೆ ತಂದು, “ಹಕ್ಕಿ ಎಲ್ಲಿ?” ಎಂದರು.

“ಅಡಿಕೆ ತೋಟದಲ್ಲಿ ತಿನ್ನೋಕೆ ಏನದೆ ಅತ್ತೆ? ಯಾವ ಹಕ್ಕಿ ಬರ್ತದೆ?”

ಅಜ್ಜಿ ಉತ್ತರ ಕೊಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗನು, ಯಾರನ್ನೂ ನೋಡದೆ, “ಹಳೇ ತೋಟದ ಬಾಳೆಗೊನೆ ಮೇಲೆ ಪಿಕಳಾರ ಗೂಡು ಕಟ್ಟಿತ್ತಲ್ಲ” ಎಂದನು. ಸೊಸೆಯು ಎರಡನೆಯ ಮರದ ಬುಡಕ್ಕೆ ಒಂದು ಬಾಳೆಯನ್ನೂ, ಅದರ ಮೇಲೆ ಒಂದು ಹಕ್ಕಿಯನ್ನೂ ಬರೆದಳು.

ಆ ರಾತ್ರಿ ಯಾರೂ ಮಲಗಲಿಲ್ಲ. ಹೆಂಗಸರು ಮಡಿಯಲ್ಲಿ ಅಡಿಗೆಗೆ ನಿಂತರು. ಹತ್ತಾರು ಬಗೆಯ ಸೊಪ್ಪುಗಳನ್ನು ಬೆರೆಸಿ ಬೇಯಿಸಿದ್ದು, ಅಮಟೆಕಾಯಿ, ಹಾಗಲಕಾಯಿ, ಕಡುಬು, ಬುತ್ತಿ. ನಮ್ಮ ಮನೆಯವರು ಕಡುಬು ಕಟ್ಟುವುದರಲ್ಲಿ ಸೇರಿಕೊಂಡರು. ನಮಗೆ ಬೆಂಕಿಯನ್ನು ನೋಡಿಕೊಳ್ಳುವ ಕೆಲಸ. ನಸುಕಿಗೆ ಮುಂಚೆ ಚರಗವನ್ನು ತುಂಬಿದ ದೊಡ್ಡ ಬುಟ್ಟಿಯನ್ನು ಮಗನು ತಲೆಯ ಮೇಲಿಟ್ಟುಕೊಂಡು, ಹುಡುಗನ ಕೈಗೆ ದೀಪವನ್ನು ಕೊಟ್ಟು ಹೊರಟನು. ನಾವೂ ಹಿಂದೆ ನಡೆದೆವು. ಹುಣ್ಣಿಮೆಯ ಚಂದ್ರನು ಜಲಾಶಯದ ಮೇಲೆ ಇಳಿದಿದ್ದನು. ಸುತ್ತಣ ಗದ್ದೆಗಳಿಂದೆಲ್ಲ ಭೂಮಿತಾಯಿಯನ್ನು ಉಣ್ಣುವುದಕ್ಕೆ ಕರೆಯುವ ಕೂಗು ಕೇಳಿಬರುತ್ತಿದ್ದಿತು. ತೋಟಗಳಿಂದಲೂ ಕೇಳಿಬರುತ್ತಿದ್ದಿತೆಂಬುದನ್ನು ಮಗನು ನಮಗೆ ತೋರಿಸಿಕೊಟ್ಟನು.

ಬೆಳಗಾದ ಮೇಲೆ ಅಜ್ಜಿಯೂ ಸೊಸೆಯೂ ಚಿಕ್ಕ ಬುಟ್ಟಿಯೊಡನೆ ಬಂದರು. ಗದ್ದೆಯ ಮೂಲೆಯ ಭತ್ತದ ಬುಡಕ್ಕೆ ಸೀರೆಯ ಖಣವನ್ನು ಸುತ್ತಿ, ಸೊಸೆಯ ಕೊರಳಿನ ಸರವನ್ನು ತೆಗೆದು ಪೈರಿಗೆ ತೊಡಿಸಿ, ಪೂಜೆಯನ್ನು ಮಾಡಿದರು. ಒಂದು ಎಡೆಯನ್ನು ಮಣ್ಣಿನಲ್ಲಿ ಹೂಳಿದರು, ಒಂದು ಎಡೆ ಇಲಿಗೆ, ಒಂದು ಕಾಗೆಗೆ. ಕಾಗೆಯು ಬರುವವರೆಗೆ ಊಟವಿಲ್ಲ. ಅಂದು ಅದು ಬಹಳ ತಡಮಾಡಿತು. ಮಕ್ಕಳು ಕೂಗಿ ಕೂಗಿ ಬೇಸತ್ತರು. ಬದುವಿನ ಮೇಲೆ ಕುಳಿತಿದ್ದ ಅಜ್ಜಿ ಹೊಡೆಯಾದ ಪೈರನ್ನು ಅಂಗೈಯಿಂದ ಸವರುತ್ತಿದ್ದರು, ಮೇಲೆ ನೋಡಲಿಲ್ಲ. ಕಾಗೆ ಬಂದು ಎಡೆಯನ್ನು ಮುಟ್ಟಿದ ಮೇಲೆ ಎಲ್ಲರೂ ಅಲ್ಲಿಯೇ ಎಲೆ ಹಾಕಿಕೊಂಡು ಊಟಮಾಡಿದೆವು.

ಮನೆಗೆ ಬಂದು ಬರಿದಾದ ಬುಟ್ಟಿಯನ್ನು ಜಗಲಿಯಲ್ಲಿಟ್ಟು ನೋಡಿದಾಗ, ಅಂಬಲಿಯು ತುಳುಕಿ ತೋಟದ ಮನೆಯ ಮೇಲೆ ಇಳಿದಿದ್ದಿತು. ಮರಗಳು ಉಳಿದಿದ್ದುವು, ಬಾಳೆಯ ಮೇಲಿನ ಹಕ್ಕಿಗೆ ಒಂದು ಕಾಲು ಅಳಿಸಿಹೋಗಿದ್ದಿತು. ಮುಂದಿನ ವರ್ಷ ಹೇಗೂ ಅಳಿಸುವುದಲ್ಲವೇ ಎಂದು ನಾವೆಂದೆವು. ಸೊಸೆಯು ಕೇಳಿಸಿಕೊಳ್ಳಲಿಲ್ಲ, ನಾರನ್ನೂ ಹಿಟ್ಟನ್ನೂ ತರಲು ಒಳಗೆ ಹೋದಳು. ಅಜ್ಜಿ ಬುಟ್ಟಿಯನ್ನು ಬೆಳಕಿನ ಕಡೆಗೆ ತಿರುಗಿಸಿ ಇಟ್ಟರು. ನಮ್ಮ ಬಸ್ಸಿನ ಹೊತ್ತಾಗಿದ್ದಿತು.