ಆರು ವರ್ಷದ ರೂಬಿ ಹತ್ತಿದ ಮೆಟ್ಟಿಲು

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ ಹೋದವರು ಮಿಸಿಸಿಪ್ಪಿ ನದಿ ನೋಡುತ್ತಾರೆ, ಜಾಝ್ ಸಂಗೀತ ಕೇಳುತ್ತಾರೆ. ನಾನೂ ನೋಡಿದೆ, ಕೇಳಿದೆ. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ವಿಲಿಯಂ ಫ್ರಾಂಟ್ಜ್ ಎಂಬ ಹಳೆಯ ಶಾಲೆಯ ಇಟ್ಟಿಗೆ ಕಟ್ಟಡ ಮತ್ತು ಅದರ ಬಾಗಿಲ ಮುಂದಿನ ಮೆಟ್ಟಿಲುಗಳು.

ಮಕ್ಕಳೇ, ಆ ಕಾಲದಲ್ಲಿ ಈ ಊರಿನಲ್ಲಿ ಬಿಳಿಯ ಮಕ್ಕಳಿಗೊಂದು ಶಾಲೆ, ಕಪ್ಪು ವರ್ಣದ ಮಕ್ಕಳಿಗೊಂದು ಶಾಲೆ. ಹೀಗೆ ಬೇರೆ ಮಾಡುವುದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ರೂಬಿ ಬ್ರಿಡ್ಜಸ್ ಹುಟ್ಟಿದ್ದೂ ಅದೇ ವರ್ಷ. ಆ ತೀರ್ಪು ಈ ಶಾಲೆಯ ಬಾಗಿಲು ಮುಟ್ಟುವ ಹೊತ್ತಿಗೆ ಅವಳಿಗೆ ಆರು ತುಂಬಿತ್ತು.

1960ರ ನವೆಂಬರ್ 14ರಂದು ಕೇಂದ್ರ ಸರ್ಕಾರದ ನಾಲ್ವರು ಮಾರ್ಷಲ್‌ಗಳ ಕಾವಲಿನಲ್ಲಿ ಆ ಪುಟ್ಟ ಕಪ್ಪು ಹುಡುಗಿ ಈ ಶಾಲೆಗೆ ಬಂದಳು. ಹೊರಗೆ ಜನ ಸೇರಿ ಕೂಗಾಡುತ್ತಿದ್ದರು. ಊರಿನ ಮಾರ್ಡಿ ಗ್ರಾ ಹಬ್ಬದ ಗದ್ದಲವಿರಬೇಕು ಎಂದು ಅವಳು ಅಂದುಕೊಂಡಳಂತೆ! ಬಿಳಿಯ ತಂದೆತಾಯಿಯರು ತಮ್ಮ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು. ಬಾಸ್ಟನ್‌ನಿಂದ ಬಂದಿದ್ದ ಬಾರ್ಬರಾ ಹೆನ್ರಿ ಎಂಬ ಬಿಳಿಯ ಶಿಕ್ಷಕಿ ಮಾತ್ರ ಅವಳಿಗೆ ಪಾಠ ಹೇಳಲು ಒಪ್ಪಿದರು. ವರ್ಷವಿಡೀ ಆ ತರಗತಿಯಲ್ಲಿ ಒಬ್ಬರೇ ಟೀಚರು, ಒಬ್ಬಳೇ ವಿದ್ಯಾರ್ಥಿನಿ.

ಮಗಳ ಓದಿಗಾಗಿ ಮನೆಯವರು ತೆತ್ತ ಬೆಲೆ ಸಣ್ಣದಲ್ಲ. ಅಪ್ಪನ ಕೆಲಸ ಹೋಯಿತು. ಮಿಸಿಸಿಪ್ಪಿ ರಾಜ್ಯದಲ್ಲಿ ಗೇಣಿಗೆ ಉಳುತ್ತಿದ್ದ ಅಜ್ಜ ಅಜ್ಜಿ ಹೊಲ ಬಿಟ್ಟು ಹೋಗಬೇಕಾಯಿತು. ಆದರೆ ನೆರೆಯವರು ಕೈಬಿಡಲಿಲ್ಲ. ಒಬ್ಬರು ಅಪ್ಪನಿಗೆ ಕೆಲಸ ಕೊಟ್ಟರು. ಕೆಲವರು ಬೆಳಿಗ್ಗೆ ರೂಬಿಯ ಕಾರಿನ ಹಿಂದೆ ನಡೆದೇ ಬಂದರು.

ಮರುವರ್ಷ ಬಾಗಿಲಲ್ಲಿ ಗುಂಪಿರಲಿಲ್ಲ. ತರಗತಿಯಲ್ಲಿ ಬೇರೆ ಮಕ್ಕಳಿದ್ದರು.

ನಾರ್ಮನ್ ರಾಕ್‌ವೆಲ್ ಎಂಬ ಹೆಸರಾಂತ ಕಲಾವಿದ ಈ ಘಟನೆಯ ಚಿತ್ರ ಬರೆದರು. 1964ರಲ್ಲಿ ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಕಾವಲಿನವರ ಮುಖವೇ ಇಲ್ಲ. ಬಿಳಿ ಅಂಗಿ ತೊಟ್ಟು, ಪುಸ್ತಕ ಹಿಡಿದು, ನೆಟ್ಟಗೆ ನಡೆಯುವ ಹುಡುಗಿಯೇ ಕಣ್ತುಂಬ ಕಾಣುತ್ತಾಳೆ. 2011ರಲ್ಲಿ ಆ ಚಿತ್ರವನ್ನು ಶ್ವೇತಭವನದಲ್ಲಿ ತೂಗುಹಾಕಿದಾಗ, ಅಧ್ಯಕ್ಷ ಒಬಾಮರ ಪಕ್ಕದಲ್ಲಿ ನಿಂತು ರೂಬಿ ಅದನ್ನು ನೋಡಿದರು.

ಈಗ ಶಾಲೆಯ ಅಂಗಳದಲ್ಲಿ ಪುಟ್ಟ ರೂಬಿಯ ಪ್ರತಿಮೆಯಿದೆ. ಅದರ ಮುಂದೆ ನಿಂತಾಗ ಇದೇನು ಬಹಳ ಹಿಂದಿನ ಕಥೆಯಲ್ಲ ಅನ್ನಿಸಿತು. ಅಜ್ಜ ಅಜ್ಜಿಯರೇ, ರೂಬಿ ನಿಮ್ಮಲ್ಲಿ ಎಷ್ಟೋ ಜನರ ಓರಗೆಯವರು. ನೀವು ಮೊದಲ ದಿನ ಶಾಲೆಗೆ ಯಾರ ಕೈ ಹಿಡಿದು ಹೋದಿರಿ, ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು, ಯಾರನ್ನು ಕೂರಿಸಿಕೊಳ್ಳುತ್ತಿರಲಿಲ್ಲ? ಇವತ್ತು ಮೊಮ್ಮಕ್ಕಳಿಗೆ ಹೇಳಿ.