ಹೊಂಡದ ಪಾಚಿಯೂ ರಾಕೆಟ್ಟೂ

1986ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ದುರ್ಗದ ಕೋಟೆಗೆ ಕರೆದೊಯ್ದಿದ್ದೆ. ಆ ತಂಡದಲ್ಲಿದ್ದವರಿಗೆ ನೆನಪಿರಬಹುದು, ಅಕ್ಕತಂಗಿಯರ ಹೊಂಡದ ಮೆಟ್ಟಿಲ ಮೇಲೆ ಪಾಚಿಗೆ ಕಾಲಿಟ್ಟು ಜಾರಿಬಿದ್ದವನು ನಾನೇ. ಎಲ್ಲರೂ ನಕ್ಕರು. ಹೊಸದುರ್ಗದ ಕಡೆಯ ಹುಡುಗನೊಬ್ಬ ಮಾತ್ರ ಬಗ್ಗಿ ಒಂದು ಹಿಡಿ ಪಾಚಿ ತೆಗೆದು, "ಸಾರ್, ಇದರಲ್ಲಿ ಸೂರ್ಯನ ಶಕ್ತಿ ಇದೆ ಅಂದ್ರಲ್ಲ, ರಾಕೆಟ್ ಓಡಿಸಬಹುದಾ?" ಎಂದು ಕೇಳಿದ. ಹಿಂದಿನ ದಿನವಷ್ಟೇ ದ್ಯುತಿಸಂಶ್ಲೇಷಣೆಯ ಪಾಠ ಮುಗಿಸಿದ್ದೆ. ಪಂಚೆ ಒದ್ದೆಯಾದ ಸಿಟ್ಟಿನಲ್ಲಿ, "ಮೊದಲು ಲೆಕ್ಕ ಸರಿಯಾಗಿ ಮಾಡು" ಎಂದುಬಿಟ್ಟೆ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

2023ರ ಏಪ್ರಿಲ್ 2ರ ಮುಂಜಾನೆ ನಮ್ಮ ಚಳ್ಳಕೆರೆ ಬಯಲಿನ ಪರೀಕ್ಷಾ ಕೇಂದ್ರದಲ್ಲಿ ಇಸ್ರೋದ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಬಿಟ್ಟಾಗ, ಅದು ತಾನೇ ದಾರಿ ಹುಡುಕಿಕೊಂಡು ಬಂದು ಇಳಿಯಿತು. ಕುರಿ ಮೇಯುತ್ತಿದ್ದ ಕಾವಲು! ಆ ಸುದ್ದಿ ನೋಡುತ್ತಿದ್ದಾಗ ಆ ಹುಡುಗ ನೆನಪಾದ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಪಾಚಿಯ ಕೆಲವು ಜಾತಿಗಳು ತಮ್ಮ ಒಣತೂಕದ ಅರ್ಧದಷ್ಟು ಎಣ್ಣೆಯನ್ನು ಕೂಡಿಡಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2009ರಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಕೊಲ್ಲದೆ, ಹಸುವಿನಿಂದ ಹಾಲು ಕರೆದಂತೆ ಅದರಿಂದ ಎಣ್ಣೆ ಪಡೆಯುವ ವಿಚಾರವನ್ನು ಮಂಡಿಸಿದರು. ತೊಡಕಿರುವುದು ನೀರಿನಲ್ಲಿ. ತೆರೆದ ಕೊಳದಲ್ಲಿ ಬೆಳೆಸಿದರೆ ಲೀಟರಿಗೆ ಒಂದು ಗ್ರಾಮು ಒಣಪಾಚಿ ಸಿಗುವುದೂ ಕಷ್ಟ. ಅದನ್ನು ಸೋಸಿ, ಒಣಗಿಸಿ, ಎಣ್ಣೆ ತೆಗೆಯುವಷ್ಟರಲ್ಲಿ ಲಾಭದ ಬಹುಪಾಲು ಕರಗಿಹೋಗುತ್ತದೆ.

ಆದರೆ ನಾನು ಅಂದು ಹೇಳಬೇಕಾಗಿದ್ದ ಉತ್ತರ ಬೇರೆಯದೇ ಇತ್ತು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರನ್ನು ಹೊತ್ತೊಯ್ದ ಫಾಲ್ಕನ್ ರಾಕೆಟ್ಟು ಉರಿಸಿದ್ದು ಚೆನ್ನಾಗಿ ಶುದ್ಧಿಮಾಡಿದ ಸೀಮೆಎಣ್ಣೆಯನ್ನು. ಸೀಮೆಎಣ್ಣೆ ಬರುವುದು ಕಚ್ಚಾತೈಲದಿಂದ; ಕಚ್ಚಾತೈಲವಾದರೋ ಬಹುಮಟ್ಟಿಗೆ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಡಿ ಹೂತುಹೋದ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಆದದ್ದು. ಎಂದರೆ ಪಾಚಿಯಿಂದ ರಾಕೆಟ್ಟು ಆಗಲೂ ಓಡುತ್ತಿತ್ತು. ಹುಡುಗನ ಮನೆಯಲ್ಲಿ ಓದಿಗೆ ಹಚ್ಚುತ್ತಿದ್ದ ಬುಡ್ಡಿಯಲ್ಲಿಯೂ ಅದೇ ಎಣ್ಣೆ. ಶುಕ್ಲಾ ಅವರು ಅಂತರಿಕ್ಷ ನಿಲ್ದಾಣದಲ್ಲಿ ಸೂಕ್ಷ್ಮ ಪಾಚಿಗಳ ಮೇಲೆಯೇ ಪ್ರಯೋಗ ಮಾಡಿದರು, ಮುಂದೆ ಆಹಾರಕ್ಕೂ ಉಸಿರಿಗೂ ಇಂಧನಕ್ಕೂ ಒದಗೀತೆಂದು.

ಅವನಿಗೀಗ ಐವತ್ತು ದಾಟಿರಬೇಕು. ಎಲ್ಲಿರುವನೋ ತಿಳಿಯದು. ಆ ತರಗತಿಯವರು ಯಾರಾದರೂ ಇದನ್ನು ಓದಿದರೆ ದಯಮಾಡಿ ಅವನಿಗೆ ತಲುಪಿಸಿ: ಮೇಷ್ಟ್ರು ಉತ್ತರ ಬರೆದಿದ್ದಾರೆ, ತಡವಾಯಿತು.